ಒಂದೇ ವಿಳಾಸದ ಜನ

ನನ್ನ ತಂಗಿ ಏನು ಕೆಲಸ ಮಾಡುತ್ತಾಳೆ ಅಂತ ನಮ್ಮ ವಠಾರದಲ್ಲಿ ಕೇಳಿನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಂಪ್ಯೂಟರ್ ರಿಪೇರಿ ಅಂತ ಕೆಳಮನೆಯ ಟೈಲರು. ಬ್ಯಾಂಕಿನಲ್ಲಿ ಅಂತ ಅವನ ಅತ್ತೆ. ಮೂರನೇ ಮಹಡಿಯ ಪೇಂಟರನ ಹೆಂಡತಿ ಮಾತ್ರ, "ಅವಳಾ? ಅವಳು ಕಳ್ಳಿ. ಪರ್ಮಿಷನ್ ಇಟ್ಕೊಂಡಿರೋ ಕಳ್ಳಿ," ಅನ್ನುತ್ತಾಳೆ. ಹೊಟ್ಟೆಕಿಚ್ಚಿಗೆ ಅಂದ ಮಾತು, ಆದರೂ ಇದ್ದುದರಲ್ಲಿ ನಿಜಕ್ಕೆ ಹತ್ತಿರ ಅದೇ.

ಕೆಲಸ ಇಷ್ಟೇ. ಫೋನಿನಲ್ಲಿ ನೀವು ಯಾವುದೋ ಇಲಾಖೆಯ ಜಾಲತಾಣಕ್ಕೆ ಹೋಗುತ್ತೀರಿ, ನಂಬರ್ ಹಾಕುತ್ತೀರಿ, ಅದು ಒಂದು ಕೋಡ್ ಕಳಿಸುತ್ತದೆ, ಹೊಡೆದರೆ ಬಾಗಿಲು ತೆರೆಯುತ್ತದೆ. ಕೋಡ್ ಗೊತ್ತಿಲ್ಲದ ಖದೀಮ ಏನು ಮಾಡುತ್ತಾನೆ? ಒಂದೊಂದೇ ಅಂಕಿ ಬದಲಿಸಿ ಹೊಡೆದು ನೋಡುತ್ತಾನೆ. ಮನುಷ್ಯನಾದರೆ ಬೇಜಾರಾಗಿ ಎದ್ದುಹೋಗುತ್ತಾನೆ. ಯಂತ್ರಕ್ಕೆಲ್ಲಿಯ ಬೇಜಾರು? ನೀವು ಮೂಗು ಒರೆಸಿಕೊಳ್ಳುವುದರೊಳಗೆ ಸಾವಿರ ಸಲ ಹೊಡೆದಿರುತ್ತದೆ. ಅದಕ್ಕೇ ಒಳಗಿನವರು ಒಂದು ಮಿತಿ ಇಡಬೇಕು. ಇಷ್ಟು ಸಲ ತಟ್ಟಿದೆಯಲ್ಲ, ಸಾಕು, ಇನ್ನು ಆಚೆ ನಿಲ್ಲು ಅನ್ನಬೇಕು. ಆ ಮಿತಿ ನಿಜವಾಗಿ ಇದೆಯೋ ಬರೀ ಬಾಯಿಮಾತೋ, ಇದ್ದರೆ ಅದರ ಪಕ್ಕದಲ್ಲಿ ನುಸುಳುವ ಸಂದಿ ಎಲ್ಲಿದೆ ಅಂತ, ತಾಣದ ಯಜಮಾನರ ಒಪ್ಪಿಗೆ ಪತ್ರ ಇಟ್ಟುಕೊಂಡು ತಟ್ಟಿ ತಟ್ಟಿ ನೋಡುವುದು ನನ್ನ ತಂಗಿಯ ಕೆಲಸ. ಸಂದಿ ಸಿಕ್ಕರೆ ಬರೆದುಕೊಡುತ್ತಾಳೆ, ಅವರು ಮುಚ್ಚಿಕೊಳ್ಳುತ್ತಾರೆ. ನಮ್ಮಿಬ್ಬರಿಗಿಂತ ಕಿರಿಯ ತಮ್ಮನೊಬ್ಬ ಇದ್ದಾನೆ, ಅವನು ಇವಳಿಗೆ ಟಕ್ಕಿ ಅಂತ ಹೆಸರಿಟ್ಟ. ಟಕ್ ಟಕ್ ಅಂತ ತಟ್ಟುವವಳು ಅಂತಲೂ ಆಯಿತು, ಮೋಸಗಾರ್ತಿ ಅಂತಲೂ ಆಯಿತು. ಮನೆಯಲ್ಲಿ ಅದೇ ನಿಂತಿತು.

ನಾನು ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಶಾಲೆ ಕಂಡದ್ದು ಐದನೇ ಕ್ಲಾಸಿನವರೆಗೆ. ಮೇಲಿನ ಇಷ್ಟನ್ನು ತಲೆಗೆ ತುಂಬಿಸಿಕೊಳ್ಳುವುದಕ್ಕೆ ಅವಳ ಹತ್ತಿರ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ. "ಅಣ್ಣ, ನಿನ್ನ ತಲೇಲಿ ಗಾಳಿ ಜಾಸ್ತಿಯಾಗಿದೆ, ಸ್ವಲ್ಪ ಬಿಟ್ಕೊಂಡು ಬಾ," ಅನ್ನುತ್ತಿದ್ದಳು. ಅವಳ ಬಾಯಿ ಅಂಥದ್ದು. ಮೈಯಲ್ಲಿ ಮಾಂಸ ಇಲ್ಲ, ಇರುವ ಬಲವೆಲ್ಲ ನಾಲಿಗೆಗೆ ಹೋಗಿದೆ.

ಮೊದಲು ಅವಳು ಒಂದು ಫೋನ್ ಕಂಪನಿಯಲ್ಲಿ ಗಿರಾಕಿಗಳ ಕರೆ ಎತ್ತುವ ಕೆಲಸದಲ್ಲಿದ್ದಳು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಇಡೀ ದಿನ ಕಂಡವರ ಬೈಗುಳ ಕೇಳುವುದು. ಒಬ್ಬ ಆಸಾಮಿ ದಿನಾ ಕರೆ ಮಾಡಿ ಬೇರೆಯವರ ಹುಟ್ಟಿದ ದಿನವನ್ನು ಊಹೆ ಮಾಡಿ ಹೇಳುತ್ತಿದ್ದನಂತೆ. ಸರಿಹೋದರೆ ಅವನೇ ಗಿರಾಕಿ ಅಂತ ನಂಬಿ ಬಿಲ್ಲಿನ ವಿವರ ಕೊಡುತ್ತಿದ್ದರು. ತಪ್ಪಾದರೆ ಇಟ್ಟುಬಿಡುವುದು, ಮತ್ತೆ ಕರೆ ಮಾಡಿ ಇನ್ನೊಬ್ಬ ಹುಡುಗಿಗೆ ಇನ್ನೊಂದು ತಾರೀಕು. ಯಾರೂ ಲೆಕ್ಕ ಇಡುತ್ತಿರಲಿಲ್ಲ. ಇವಳು ಮೇಲಿನವನಿಗೆ ಹೇಳಿದಳು. "ನಿನಗೆ ಕೊಟ್ಟ ಕೆಲಸ ನೋಡ್ಕೋ," ಅಂದ. ಇವಳು ಸುಮ್ಮನೆ ಅವನದೇ ಫೋನಿನ ಬಿಲ್ಲನ್ನು ಅದೇ ದಾರಿಯಲ್ಲಿ ತೆಗೆದು, ಅವನು ಯಾರ ಜೊತೆ ಗಂಟೆಗಟ್ಟಲೆ ಮಾತಾಡುತ್ತಾನೆ ಅಂತ ಎಲ್ಲರೆದುರು ಓದಿದಳು. ಕೆಲಸ ಹೋಯಿತು. ಅದನ್ನು ಕೇಳಿದ ಇನ್ನೊಂದು ಸಣ್ಣ ಕಂಪನಿಯವರು ಕರೆದು ಈ ಕೆಲಸ ಕೊಟ್ಟರು. ಆದರೆ ಮೊದಲನೇ ದಿನವೇ ಹೇಳಿದರಂತೆ: ಇನ್ನು ಮೇಲೆ ಪತ್ರ ಇಲ್ಲದೆ ಒಂದು ಬಾಗಿಲನ್ನೂ ಮುಟ್ಟಬಾರದು, ಸಿಕ್ಕ ಸಂದಿಯನ್ನು ಒಂದು ಸಲವೂ ಸ್ವಂತಕ್ಕೆ ಬಳಸಬಾರದು. ಆ ಮಾತನ್ನು ಅವಳು ಹಲ್ಲಿನಲ್ಲಿ ಕಚ್ಚಿ ಹಿಡಿದುಬಿಟ್ಟಳು.

ಮದುವೆ ಆಗಲಿಲ್ಲ. ಒಬ್ಬ ನೋಡಲು ಬಂದಿದ್ದ, ಪಾಪ, ಔಷಧಿ ಅಂಗಡಿಯವನು. ಅವನಿಗೆ ಇವಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು, ಬೇರೆ ಬೇರೆ ಮಾತಿನಲ್ಲಿ. ನಾಲ್ಕನೇ ಸಲಕ್ಕೆ ಅವನು ಕಪ್ಪನ್ನು ಕುಟ್ಟಿ ಇಟ್ಟು ಎದ್ದ. "ನಾಲ್ಕಕ್ಕೇ ಮುಗೀತು. ಇವನ ಜೊತೆ ನಲವತ್ತು ವರ್ಷ ಹೇಗಮ್ಮ?" ಅಂದಳು. ಅಮ್ಮ ಒಂದು ವಾರ ಅತ್ತಳು. ನಾನು ಬೈದೆ. ಒಳಗೊಳಗೆ ನಗುವೂ ಬಂದಿತ್ತು ಬಿಡಿ.

ಇನ್ನು ತಮ್ಮ. ಅವನು ಒಳ್ಳೆಯವನು ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗೋದಾಮಿಗೆ ನುಗ್ಗಿದ, ಕಾವಲುಗಾರ ಅಡ್ಡ ಬಂದ, ಕಬ್ಬಿಣದ ಸರಳಿನಿಂದ ಮುಖಕ್ಕೆ ಹೊಡೆದ. ಆ ಮುದುಕನ ಒಂದು ಕಣ್ಣು ಹೋಯಿತು. ನ್ಯಾಯಾಧೀಶರು ಬರೆದ ಶಿಕ್ಷೆ ಕಮ್ಮಿಯೇ ಆಯಿತು ಅನ್ನುವವನು ನಾನು. ಆದರೆ ಅಮ್ಮನಿಗೆ ಅವನು ಕೊನೆಯ ಮಗ. ತಿಂಗಳಿಗೊಂದು ಸಲ ಜೈಲಿನ ಜಾಲರಿಯ ಆಚೆ ಅವನ ಮುಖ ಕಂಡರೆ ಅವಳು ಉಂಡಳು, ಕಾಣದಿದ್ದರೆ ತಟ್ಟೆ ಹಾಗೇ ಇಟ್ಟಳು.

ಮೊದಲೆಲ್ಲ ಜೈಲಿನ ಗೇಟಿಗೆ ಹೋಗಿ ಸಾಲಿನಲ್ಲಿ ನಿಂತರೆ ಆಗುತ್ತಿತ್ತು. ಆಮೇಲೆ ಎಲ್ಲ ಫೋನಿಗೆ ಬಂತು. ಮನೆಯವರು ಗುರುತಿನ ಚೀಟಿ, ವಿಳಾಸ, ನಂಬರ್ ಎಲ್ಲ ಕೊಟ್ಟು ನೋಂದಣಿ ಮಾಡಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ವಾರದ ಭೇಟಿಯ ಸ್ಲಾಟುಗಳು ತೆರೆಯುತ್ತವೆ. ಎಂಟು ಗಂಟೆಗೆ ಬೆರಳಿಟ್ಟರೆ ಎಲ್ಲ ಖಾಲಿ. ಗೇಟಿನ ಎದುರು ಒಬ್ಬ ಜೆರಾಕ್ಸ್ ಅಂಗಡಿಯವನಿದ್ದ, ಎಲ್ಲ ಅವನ ಹತ್ತಿರ. ಅವನ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಸಲ ತಟ್ಟಿ ಅಷ್ಟನ್ನೂ ಬಾಚಿಕೊಳ್ಳುತ್ತಿತ್ತು. ಆಮೇಲೆ ಅಳುವ ಹೆಂಗಸರ ಮುಖ ನೋಡಿ ರೇಟು ಹೇಳುತ್ತಿದ್ದ. ನಾವೂ ಅವನ ಹತ್ತಿರವೇ ಕೊಂಡಿದ್ದೇವೆ, ಏನು ಮಾಡುವುದು.

ನಮ್ಮ ವಠಾರದಲ್ಲಿ ಜೈಲಿಗೆ ಹೋದವರಿಗೇನು ಬರಗಾಲವಿಲ್ಲ. ಹಳೇ ನೂಲಿನ ಗಿರಣಿಯವರು ಕೆಲಸದವರಿಗೆ ಅಂತ ಕಟ್ಟಿಸಿದ ನಾಲ್ಕು ಮಹಡಿ ಅದು. ಗಿರಣಿ ಮುಚ್ಚಿತು, ಜನ ಉಳಿದರು. ಅಷ್ಟೂ ಮನೆಗೆ ಬಾಗಿಲ ಸಂಖ್ಯೆ ಒಂದೇ, ಗುರುತಿನ ಚೀಟಿಯಲ್ಲಿ ಎಲ್ಲರದೂ ಒಂದೇ ವಿಳಾಸ. ಮೆಟ್ಟಿಲ ಬುಡದಲ್ಲಿ ಒಂದು ತಗಡಿನ ಡಬ್ಬ. ಅಂಚೆಯವನು ಎಲ್ಲರ ಕಾಗದವನ್ನೂ ಅದಕ್ಕೇ ತುರುಕಿ ಹೋಗುತ್ತಾನೆ.

ಆ ವರ್ಷ ಜೈಲಿನವರು ತಮ್ಮ ಭೇಟಿ ತಾಣವನ್ನು ಪರೀಕ್ಷೆ ಮಾಡಿಸಲು ಒಂದು ಕಂಪನಿಗೆ ಕೊಟ್ಟರು. ಅದು ನನ್ನ ತಂಗಿಯ ಕಂಪನಿ. ತಮ್ಮ ಅದೇ ಜೈಲಿನಲ್ಲಿದ್ದಾನೆ ಅಂತ ಇವಳು ಮೊದಲೇ ಬರೆದುಕೊಟ್ಟಳು. ಪರವಾಗಿಲ್ಲ ಮಾಡಿ ಅಂದರಂತೆ, ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಅದೇ ಸಮಯಕ್ಕೆ ತಮ್ಮನಿಂದ ಸುದ್ದಿ ಬಂತು: ತಿಂಗಳ ಕೊನೆಗೆ ಅವನನ್ನು ಬೇರೆ ಜೈಲಿಗೆ ಹಾಕುತ್ತಾರೆ. ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಹೋಗಬೇಕಾದಷ್ಟು ದೂರ. ಅಮ್ಮನ ಮಂಡಿ ಮಡಚುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಹೃದಯದ ಡಾಕ್ಟರು ದೂರದ ಪ್ರಯಾಣ ಅಂದರೆ ಕೈ ಮುಗಿಯುತ್ತಾರೆ. ಅಂದರೆ ಹೋಗುವ ಮುಂಚೆ ನೋಡಿದರೆ ನೋಡಿದಳು, ಇಲ್ಲದಿದ್ದರೆ ಈ ಜನ್ಮಕ್ಕೆ ಅಷ್ಟೇ.

ತಂಗಿ ನಾಲ್ಕಾರು ದಿನ ತಟ್ಟಿದಳು. ಒಂದು ಸಂಜೆ ಬಂದವಳು ಚಪ್ಪಲಿ ಬಿಡುತ್ತಾ ನಗುತ್ತಿದ್ದಳು.

"ಸಿಕ್ತು ಅಣ್ಣ. ಎಂಥ ದಡ್ಡರು ಗೊತ್ತಾ? ಒಳಗೆ ಬರೋ ಪ್ರತಿ ಅರ್ಜಿ ಮೇಲೂ ಅದು ಎಲ್ಲಿಂದ ಬಂತು ಅಂತ ಒಂದು ಚೀಟಿ ಅಂಟಿರತ್ತೆ ಅಂದ್ಕೋ. ಆ ಚೀಟೀನ ಕಳಿಸೋನೇ ಬರೀಬಹುದು. ಇವರು ಅದನ್ನ ನಂಬ್ತಾರೆ! ಚೀಟಿ ಬದಲಾಯ್ತು ಅಂದ್ರೆ, ಓಹೋ ಬೇರೆ ಯಾರೋ ಬಂದ್ರು ಅಂತ ಮೊದಲಿಂದ ಲೆಕ್ಕ ಶುರು ಮಾಡ್ತಾರೆ."

"ಅಂದ್ರೆ ಒಬ್ಬನೇ ಸಾವಿರ ಟೋಪಿ ಹಾಕ್ಕೊಂಡು ಸಾವಿರ ಸಲ ಸಾಲಲ್ಲಿ ನಿಲ್ಲಬಹುದು."

"ಅಬ್ಬಾ, ಗಾಳಿ ಇಳಿದಿದೆ ನಿನ್ನ ತಲೇಲಿ. ಅದೇ. ಜೆರಾಕ್ಸಿನವನು ಮಾಡ್ತಿರೋದೂ ಅದನ್ನೇ."

ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅವಳಿಗೆ ಚೀಟಿ, ಟೋಪಿ ಏನೂ ಬೇಕಿರಲಿಲ್ಲ.

"ಅಂದ್ರೆ ನೀನೂ ಒಂದು ಸ್ಲಾಟ್ ತೆಗೀಬಹುದು," ಅಂದಳು.

ತಂಗಿಯ ನಗು ನಿಂತಿತು. "ತೆಗೀಬಹುದು. ತೆಗೆಯಲ್ಲ."

"ಒಂದೇ ಒಂದು ಕಣೇ. ನಿನ್ನ ತಮ್ಮ."

"ಅಮ್ಮ, ಕಂಡವರ ಮನೆ ಬೀಗ ನೋಡೋಕೆ ಅಂತ ಕರೆಸಿದಾರೆ. ಬೀಗ ಕೆಟ್ಟಿದೆ ಅಂತ ಹೇಳೋಕೆ ಬಂದೋಳು ಒಳಗೆ ಹೋಗಿ ಊಟ ಮಾಡ್ಕೊಂಡು ಬರಲ್ಲ."

"ಊಟ ಅಲ್ಲ ಕಣೇ ನಾ ಕೇಳ್ತಿರೋದು!" ಅಮ್ಮ ಕಿರುಚಿದಳು. "ಮುಖ! ಅವನ ಮುಖ!"

ನಾನು ನಡುವೆ ಬಾಯಿ ಹಾಕಿದೆ. ಇವಳ ಬಾಗಿಲೂ ಬೇಡ ಬೀಗವೂ ಬೇಡ, ನಾಳೆ ಹೋಗಿ ಜೆರಾಕ್ಸಿನವನ ಹತ್ತಿರ ಕೊಂಡುಕೊಂಡು ಬರುತ್ತೇನೆ ಅಂದೆ.

"ಹೋಗಬೇಡ," ಅಂದಳು ತಂಗಿ. "ನನ್ನ ವರದಿ ಗುರುವಾರ ಅವರ ಮೇಜಿಗೆ ಹೋಗತ್ತೆ. ಓದಿದ ತಕ್ಷಣ ಅವನ ಕಡೆಯಿಂದ ಬಂದ ಬುಕಿಂಗೆಲ್ಲ ತೆಗೀತಾರೆ. ಹಿಂದಿನದ್ದು ಕೆದಕಲ್ಲ, ಆದ್ರೆ ಆಗ ಅದರಲ್ಲಿರೋ ಹೆಸರನ್ನೆಲ್ಲ ಕಪ್ಪುಪಟ್ಟಿಗೆ ಹಾಕ್ತಾರೆ. ಅಮ್ಮನ ಹೆಸರು ಅಲ್ಲಿ ಬಿದ್ರೆ ಯಾವ ಕಾಲಕ್ಕೂ ಬಿಡಲ್ಲ. ಎರಡು ಸೋಮವಾರ ತಡಿ. ಸಂದಿ ಮುಚ್ಚಿದ ಮೇಲೆ ಸ್ಲಾಟುಗಳು ಸುಮ್ಮನೆ ಬಿದ್ದಿರ್ತವೆ. ಅಮ್ಮ ತಾನೇ ಒತ್ತಲಿ, ಸಿಗತ್ತೆ."

"ಸಿಗದಿದ್ರೆ?"

"ಸಿಗತ್ತೆ ಅಮ್ಮ. ನಾನು ಹೇಳ್ತಿದೀನಿ."

ಅಮ್ಮ ಕೊನೆಗೆ, "ಆಯ್ತು, ನಿನ್ನ ಮಾತು ನಂಬಿದೀನಿ," ಅಂದಳು. ಅಂದು ಅವಳು ಉಂಡಳು ಕೂಡ.

ಈಗ ಆ ವರದಿಯ ಸಂಗತಿ. ಜೈಲಿನ ಕಚೇರಿಯಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದವನು ಕಲ್ಯಾಣ ಅಧಿಕಾರಿ. ಕೈದಿಗಳ ಕಲ್ಯಾಣಕ್ಕೆ ಅಂತ ಇಟ್ಟಿರುವ ಮನುಷ್ಯ. ಅವನು ಮೊದಲೇ ಹೇಳಿದ್ದನಂತೆ: "ಮೇಡಂ, ನಿಮ್ಮ ಕಂಪ್ಯೂಟರ್ ಭಾಷೆ ನಮಗೆ ಬೇಡ. ಸಾಹೇಬರು ಓದ್ತಾರೆ. ಅಚ್ಚ ನಮ್ಮ ಮಾತಲ್ಲಿ, ನಮ್ಮ ಅಕ್ಷರದಲ್ಲಿ ಬರೀರಿ. ಇಂಗ್ಲಿಷ್ ಒಂದಕ್ಷರ ಇರಬಾರದು." ಇವಳಿಗೂ ಅದೇ ಹಿಡಿಸಿತು. ಎರಡು ದಿನ ಕೂತು ಬರೆದಳು. ನನಗೆ ಓದಿ ಹೇಳಿ, ಅರ್ಥ ಆಯಿತಾ ಅಂತ ಕೇಳಿ, ಆಗದ ಕಡೆ ತಿದ್ದಿ ಬರೆದಳು. ಅದರಲ್ಲಿ ಒಂದು ಸಾಲು: ‘ಒಂದೇ ವಿಳಾಸದಿಂದ ಪದೇ ಪದೇ ಬರುವ ವಿನಂತಿಗಳನ್ನು ತಡೆಹಿಡಿಯಬೇಕು, ಇದಕ್ಕೆ ಯಾರಿಗೂ ವಿನಾಯಿತಿ ಇರಬಾರದು.’ ಕಂಪ್ಯೂಟರಿನವರಿಗೆ ವಿಳಾಸ ಅಂದರೆ ಬೇರೆ. ಒಂದೊಂದು ಯಂತ್ರಕ್ಕೂ, ಅದರ ತಂತಿಗೂ ಒಂದು ನಂಬರ್ ಇರುತ್ತದಂತೆ, ಅದಕ್ಕೆ ಅವರು ವಿಳಾಸ ಅನ್ನುತ್ತಾರೆ. ಅವಳು ದಿನವೂ ಆಡುವ ಮಾತು ಅದು. ವಿನಾಯಿತಿ ಬೇಡ ಅಂತ ಬರೆದದ್ದು ದೊಡ್ಡ ಕುಳಗಳು ಸಾಹೇಬರಿಗೆ ಫೋನ್ ಮಾಡಿಸಿ ನುಸುಳಬಾರದು ಅಂತ.

ಸಂದಿ ಮುಚ್ಚಿತು. ಜೆರಾಕ್ಸಿನವನ ಅಂಗಡಿಗೆ ಪೊಲೀಸರು ಬಂದರು, ಶಟರು ಎಳೆದರು. ವಠಾರದಲ್ಲಿ ಎಲ್ಲರೂ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಪೇಂಟರನ ಗಂಡುಮಗ ಒಳಗಿದ್ದ, ಟೈಲರನ ಭಾವ ಇದ್ದ, ಇನ್ನೂ ಮೂರ್ನಾಲ್ಕು ಮನೆಯವರು. ಎಲ್ಲರೂ ಸೋಮವಾರಕ್ಕೆ ಕಾದರು.

ಸೋಮವಾರ ಅಮ್ಮ ಸ್ನಾನ ಮಾಡಿ, ತಲೆ ಬಾಚಿಕೊಂಡು ಕೂತಳು, ಫೋನಿನೊಳಗಿಂದ ಮಗ ನೋಡುತ್ತಾನೇನೋ ಅನ್ನುವ ಹಾಗೆ. ಎಂಟು ಗಂಟೆಗೆ ಒತ್ತಿದಳು. ಓದಲು ನನಗೆ ಕೊಟ್ಟಳು. ನಾನು ಜೋರಾಗಿ ಓದಿದೆ: "ನಿಮ್ಮ ವಿಳಾಸದಿಂದ ಮಿತಿ ಮೀರಿ ವಿನಂತಿಗಳು ಬಂದಿವೆ. ಈ ವಿಳಾಸವನ್ನು ಮುಂದಿನ ತಿಂಗಳವರೆಗೆ ತಡೆಹಿಡಿಯಲಾಗಿದೆ."

"ಇದೇನೋ?" ಅಂದಳು ಅಮ್ಮ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಗಲಾಟೆ. ಪೇಂಟರನ ಹೆಂಡತಿ ಫೋನನ್ನು ಉರಿಯುವ ಕೆಂಡ ಹಿಡಿದ ಹಾಗೆ ಹಿಡಿದು ಕೆಳಗೆ ಬರುತ್ತಿದ್ದಳು. ಅವಳಿಗೂ ಅದೇ. ಟೈಲರಿಗೂ ಅದೇ. ಮೊದಲು ಒತ್ತಿದ ಒಬ್ಬ ಮುದುಕನಿಗೆ ಮಾತ್ರ ಸಿಕ್ಕಿತ್ತು, ಆಮೇಲೆ ಯಾರಿಗೂ ಇಲ್ಲ.

ತಂಗಿ ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ಬಂದಳು. "ಸಾಧ್ಯಾನೇ ಇಲ್ಲ. ನಮ್ಮ ನಮ್ಮ ಫೋನು ಬೇರೆ, ಲೈನು ಬೇರೆ, ಎಲ್ಲ ಒಂದೇ ವಿಳಾಸ ಹೇಗಾಗತ್ತೆ?" ಅಂದಳು. ಅಮ್ಮನ ಫೋನ್ ಕಿತ್ತುಕೊಂಡು ರಸ್ತೆಗೆ ಓಡಿದಳು, ಅಲ್ಲಿಂದ ನೋಡಿದಳು. ಎದುರು ಬೇಕರಿಯವನ ಲೈನಿನಿಂದ ನೋಡಿದಳು. ಅದೇ ಸಾಲು. ವಾಪಸ್ ಬಂದು ಮೆಟ್ಟಿಲ ಬುಡದಲ್ಲಿ ನಿಂತು ಆ ಸಾಲನ್ನು ಮತ್ತೆ ಓದಿದಳು. ನಿಧಾನಕ್ಕೆ, ಮಗು ಓದುವ ಹಾಗೆ.

"ಅಣ್ಣ," ಅಂದಳು, "ವಿಳಾಸ ಅಂದ್ರೆ… ಮನೆ ವಿಳಾಸ ಅಂದ್ಕೊಂಡಿದಾರೆ."

ಹೇಳಿ ನಕ್ಕುಬಿಟ್ಟಳು. ತಡೆಯಲಾಗದೆ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು ನಕ್ಕಳು. ಆ ನಗು ಎಲ್ಲಿಂದ ಬಂತೋ, ಸಂತೋಷದ್ದಂತೂ ಅಲ್ಲ. ಆದರೆ ಮೇಲೆ ಕಂಬಿ ಹಿಡಿದು ನಿಂತಿದ್ದ ಅಮ್ಮನಿಗೆ ಕಂಡದ್ದು ನಗು ಮಾತ್ರ.

"ನಗ್ತಿದಾಳೆ ನೋಡು," ಅಂದಳು ಅಮ್ಮ ಪೇಂಟರನ ಹೆಂಡತಿಗೆ. ಇಷ್ಟು ದಿನ ಅವಳ ಜೊತೆ ನಮ್ಮ ಅಮ್ಮನಿಗೆ ಮಾತಿರಲಿಲ್ಲ.

ನಾನು ಡಿಪೋಗೆ ರಜೆ ಹಾಕಿ ತಂಗಿಯ ಜೊತೆ ಜೈಲಿನ ಕಚೇರಿಗೆ ಹೋದೆ. ಕಲ್ಯಾಣ ಅಧಿಕಾರಿ ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ. ಬೆಣ್ಣೆಯಂಥ ಮಾತು.

"ಮೇಡಂ, ಎಷ್ಟು ಚೆನ್ನಾಗಿ ಬರೆದುಕೊಟ್ರಿ! ಸಾಹೇಬರು ಒಂದೇ ಉಸಿರಿಗೆ ಓದಿ ಆರ್ಡರ್ ಹಾಕಿದ್ರು."

"ಸಾರ್, ವಿಳಾಸ ಅಂದ್ರೆ ಯಂತ್ರದ ವಿಳಾಸ. ಮನೆಯದ್ದಲ್ಲ."

"ಯಂತ್ರಕ್ಕೆ ಪೋಸ್ಟ್ ಬರತ್ತಾ ಮೇಡಂ?" ಅಂದ ಅವನು. ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕಂದ. ಅಧಿಕಾರಿ ವರದಿ ತೆಗೆದು, ಕನ್ನಡಕ ಏರಿಸಿ, ಆ ಸಾಲನ್ನು ಪೂರ್ತಿ ಓದಿದ. "ಇದರಲ್ಲಿ ಯಾವ ಪದ ನಂದು, ಹೇಳಿ?"

"ಪದ ನಂದೇ ಸಾರ್. ತಪ್ಪು ನಂದೇ ಅಂದ್ಕೊಳ್ಳಿ. ಒಂದು ದಿನದ ಕೆಲಸ, ತಿದ್ದಿಸಿ."

"ತಿದ್ದಿಸೋಣ. ತಿದ್ದಿದ ಮೇಲೆ ಮತ್ತೆ ಪರೀಕ್ಷೆ ಆಗಬೇಕು ಅಂತ ನೀವೇ ಬರೆದಿದೀರಿ, ಕೊನೇ ಪುಟ. ಅದಕ್ಕೆ ಮತ್ತೆ ಸಾಹೇಬರ ರುಜು. ಮುಂದಿನ ತಿಂಗಳು ಆಗತ್ತೆ."

ತಂಗಿ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳು ಯಾರ ಹತ್ತಿರವೂ ಏನನ್ನೂ ಬೇಡಿದವಳಲ್ಲ. ಮನೆಯಲ್ಲಿ ಒಂದು ಲೋಟ ನೀರು ಕೂಡ ತಾನೇ ಎದ್ದು ತಗೊಳ್ಳುವವಳು. ಆವತ್ತು ಬೇಡಿದಳು.

"ಸಾರ್, ನಮ್ಮ ತಾಯಿಗೆ ಒಂದು ಸ್ಲಾಟ್ ಕೊಡಿ. ಒಂದೇ. ಕೈಯಲ್ಲಿ ಬರೆದುಕೊಡಿ, ಗೇಟಲ್ಲಿ ತೋರಿಸ್ತೀವಿ. ತಮ್ಮನ್ನ ತಿಂಗಳ ಕೊನೆಗೆ ಕಳಿಸಿಬಿಡ್ತೀರಿ. ಆಮೇಲೆ ಅವಳ ಕೈಲಿ ಹೋಗೋಕಾಗಲ್ಲ."

"ಛೆ ಛೆ," ಅಂದ ಅವನು, ನಿಜವಾಗಿ ಬೇಸರ ಆದವನ ಹಾಗೆ. "ನಿಮ್ಮ ತಮ್ಮ ಇಲ್ಲೇ ಇದಾನೆ ಅಂತ ಬರೆದುಕೊಟ್ಟಿದ್ರಿ, ನೆನಪಿದೆ. ಅದಕ್ಕೇ ಕೊಡೋ ಹಾಗಿಲ್ಲ ಮೇಡಂ. ಪರೀಕ್ಷೆ ಮಾಡಿದೋರ ಮನೆಯವರಿಗೇ ಮೊದಲ ವಿನಾಯಿತಿ ಅಂದ್ರೆ ಜನ ಏನಂತಾರೆ? ‘ಯಾರಿಗೂ ಇರಬಾರದು’ ಅಂತ ಎಷ್ಟು ಗಟ್ಟಿಯಾಗಿ ಬರೆದಿದೀರಿ. ನಾನಂತೂ ಆ ಸಾಲನ್ನ ಗುಮಾಸ್ತರಿಗೆಲ್ಲ ಓದಿ ಹೇಳಿದೆ."

ನನಗೆ ತಲೆಗೆ ರಕ್ತ ಏರಿತು. ಮೇಜಿನ ಮೇಲಿನ ಗಾಜಿಗೆ ಗುದ್ದಿದೆ, ಅದು ಬಿರಿಯಿತು. "ನಿನ್ನಮ್ಮನ್ನ ನೋಡೋಕೆ ನೀನು ಸ್ಲಾಟ್ ತಗೋತೀಯೇನೋ?" ಅಂದೆ. ಇಬ್ಬರು ಪೇದೆಗಳು ಬಂದು ನನ್ನ ರಟ್ಟೆ ಹಿಡಿದರು. ಅವನು ಎದ್ದೇಳಲಿಲ್ಲ. ಗಾಜಿನ ಚೂರನ್ನು ವರದಿಯ ಮೇಲಿಂದ ಮೆಲ್ಲಗೆ ಕೊಡವಿ, "ಇವರನ್ನ ಬಿಡಿ ಪಾಪ. ಇವರ ಮನೇಲಿ ಒಬ್ಬ ಒಳಗಿದಾನೆ, ಸಾಕು," ಅಂದ.

ಆಚೆ ಬಂದ ಮೇಲೆ ನನ್ನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. "ಆವತ್ತೇ ತೆಗೆದಿದ್ರೆ ಏನಾಗ್ತಿತ್ತೇ? ಒಂದು ಸ್ಲಾಟ್! ಆಕಾಶ ಬೀಳ್ತಿತ್ತಾ?"

"ತೆಗೀಬಾರದಾಗಿತ್ತು, ತೆಗೀಲಿಲ್ಲ," ಅಂದಳು.

"ಈಗ್ಲೂ ಅದೇ ಹೇಳ್ತೀಯಾ?"

"ಈಗ್ಲೂ ಅದೇ. ವಿಳಾಸ ಅಂತ ಬರೆದದ್ದು ತಪ್ಪು. ತೆಗೀದೇ ಇದ್ದದ್ದು ತಪ್ಪಲ್ಲ."

ನಡುರಸ್ತೆಯಲ್ಲಿ ಕೈ ಎತ್ತಿದ್ದೆ. ಅವಳು ಕದಲಲಿಲ್ಲ. ಹೊಡೆದಿದ್ದರೂ ಕದಲುತ್ತಿರಲಿಲ್ಲ. ಅಂಥವಳಿಗೆ ಹೊಡೆದು ಏನು ಸುಖ.

ಮನೆಯಲ್ಲಿ ಏನೇನೋ ಯೋಚನೆ ಮಾಡಿದೆವು. ಡಿಪೋದ ವಿಳಾಸ ಕೊಟ್ಟು ಅಮ್ಮನ ಹೆಸರನ್ನು ಹೊಸದಾಗಿ ಹಾಕಿಸೋಣ ಅಂದೆ. ಗುರುತಿನ ಚೀಟಿ ಬದಲಾಗಬೇಕು, ಅದಕ್ಕೆ ತಿಂಗಳುಗಟ್ಟಲೆ. ಆ ಒಂದು ಸ್ಲಾಟ್ ಸಿಕ್ಕ ಮುದುಕನ ಹತ್ತಿರ ಕೈ ಮುಗಿದು ಕೇಳಿದೆ. "ನಾನೂ ಅಪ್ಪನೇ ಕಣಯ್ಯ," ಅಂದು ಬಾಗಿಲು ಹಾಕಿಕೊಂಡ. ಜೆರಾಕ್ಸಿನವನ ಮನೆ ಹುಡುಕಿಕೊಂಡು ಹೋದೆ. ಅವನು ಲುಂಗಿ ಉಟ್ಟು ಹೊಸ್ತಿಲಲ್ಲೇ ಕೂತಿದ್ದ. "ಯಜಮಾನ್ರೇ, ನನ್ನ ಹತ್ರ ಇದ್ದಾಗ ದುಡ್ಡು ಕೊಟ್ರೆ ಸಿಗ್ತಿತ್ತು. ಈಗ ದುಡ್ಡು ಕೊಟ್ರೂ ಸಿಗಲ್ಲ. ನಿಮ್ಮ ತಂಗೀನ ಕೇಳಿ, ದೊಡ್ಡ ಉಪಕಾರ ಮಾಡಿದಾಳೆ ಊರಿಗೆ," ಅಂತ ಹಲ್ಲು ಬಿಟ್ಟ.

ತಮ್ಮನನ್ನು ಒಯ್ಯುವ ದಿನ ಬೆಳಿಗ್ಗೆ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಗೇಟಿನ ಹತ್ತಿರ ಹೋದೆ. ಒಳಗೆ ಬಿಡದಿದ್ದರೆ ಬೇಡ, ವ್ಯಾನು ಆಚೆ ಬರಲೇಬೇಕಲ್ಲ. ತಂಗಿ ನಮ್ಮ ಜೊತೆ ಬರಲಿಲ್ಲ. ಅಮ್ಮ ಅವಳನ್ನು ಆಟೋ ಹತ್ತಲು ಬಿಡಲಿಲ್ಲ ಅಂದರೆ ಸರಿ. ಅವಳು ನಡೆದು ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತಳು.

ವ್ಯಾನು ಬಂತು. ಕಿಟಕಿಗೆ ದಪ್ಪ ಜಾಲರಿ. ಗೇಟಿನ ಮುಂದಿನ ರಸ್ತೆಯುಬ್ಬಿನಲ್ಲಿ ನಿಧಾನ ಆದಾಗ ತಮ್ಮನ ಮುಖ ಕಂಡಿತು. ತಲೆ ಬೋಳಿಸಿದ್ದರು, ಕಿವಿ ಎರಡೂ ಎದ್ದು ನಿಂತಿದ್ದವು, ಚಿಕ್ಕವನಿದ್ದಾಗಿನ ಹಾಗೆ. ಅಮ್ಮ ನನ್ನ ಭುಜ ಬಿಟ್ಟು ಎರಡೂ ಕೈ ಎತ್ತಿ ಕೂಗಿದಳು. ಅವನು ನೋಡಿದ. ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಮುಖವನ್ನು ಆಚೆ ತಿರುಗಿಸಿಕೊಂಡ. ವ್ಯಾನು ಹೋಯಿತು.

ಆಮೇಲೆ ಗೇಟಿನ ಪೇದೆ ಹೇಳಿದ. ಒಳಗೆ ಪ್ರತಿವಾರ ಭೇಟಿ ಪಟ್ಟಿ ಓದುವಾಗ, ಯಾರಿಗೆ ಭೇಟಿ ಬಂದಿಲ್ಲವೋ ಅವರ ಹೆಸರಿನ ಮುಂದೆ ‘ಮನೆಯವರಿಂದ ಅರ್ಜಿ ಇಲ್ಲ’ ಅಂತ ಓದುತ್ತಾರಂತೆ. ತಡೆಹಿಡಿದದ್ದಕ್ಕೂ ಅದನ್ನೇ ಓದುತ್ತಾರಂತೆ, ಬೇರೆ ಸಾಲು ಬರೆದಿಲ್ಲವಂತೆ. "ನಿಮ್ಮವನು ಎರಡು ವಾರ ಗೋಡೆ ಕಡೆ ತಿರುಗಿ ಮಲಗಿದ್ದ," ಅಂದ ಪೇದೆ, ಹವಾಮಾನದ ಸುದ್ದಿ ಹೇಳುವವನ ಹಾಗೆ.

ಮುಂದಿನ ತಿಂಗಳು ತಾಣ ಸರಿಯಾಯಿತು. ಕಲ್ಯಾಣ ಅಧಿಕಾರಿ ಮಾತಿಗೆ ತಪ್ಪಲಿಲ್ಲ. ತಂಗಿಯೇ ಹೋಗಿ ಎರಡನೇ ಸಲ ಪರೀಕ್ಷೆ ಮಾಡಿ, ಎಲ್ಲ ಸರಿ ಇದೆ ಅಂತ ರುಜು ಹಾಕಿದಳು. ಈಗ ಯಾರು ಒತ್ತಿದರೂ ಸ್ಲಾಟ್ ಸಿಗುತ್ತದೆ, ಮಧ್ಯಾಹ್ನ ಎದ್ದು ಒತ್ತಿದರೂ ಸಿಗುತ್ತದೆ. ಪೇಂಟರನ ಹೆಂಡತಿ ಮಗನನ್ನು ನೋಡಿಕೊಂಡು ಬಂದವಳು ನಮ್ಮ ಬಾಗಿಲಲ್ಲಿ ನಿಂತು, "ನಿನ್ನಿಂದ ನಮಗೆಲ್ಲ ಒಳ್ಳೇದಾಯ್ತು ಕಣಮ್ಮ. ನಿಮ್ಮಮ್ಮನಿಗೊಂದು ಆಗಲಿಲ್ಲ, ಬಿಡು," ಅಂದಳು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. ಒಳಗೆ ಅಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರಿನ ಸದ್ದು ಜೋರು ಮಾಡಿದಳು.

ಅಮ್ಮ ತಂಗಿಯ ಜೊತೆ ಮಾತು ಬಿಟ್ಟಳು. "ಅವಳಿಗೆ ಹೇಳು ಬಟ್ಟೆ ಎತ್ತು ಅಂತ." "ಅವಳನ್ನ ಕೇಳು ಉಂಡ್ಲಾ ಅಂತ." ಪಕ್ಕದಲ್ಲೇ ಇದ್ದರೂ ನನ್ನ ಮೂಲಕವೇ. ಒಂದೊಂದು ದಿನ ನಾನು ಕೆಲಸಕ್ಕೆ ಹೋದರೆ ಆ ಮನೆಯಲ್ಲಿ ಸಂಜೆಯವರೆಗೆ ಒಂದು ಮಾತೂ ಹುಟ್ಟುತ್ತಿರಲಿಲ್ಲ. ತಂಗಿ ಅಷ್ಟಕ್ಕೆಲ್ಲ ಜಗ್ಗುವವಳಲ್ಲ. ಕೆಲಸಕ್ಕೆ ಹೋದಳು, ಬಂದಳು, ಬ್ಯಾಂಕೊಂದರ ಬಾಗಿಲು ತಟ್ಟಿದಳು, ಆಸ್ಪತ್ರೆಯೊಂದರದು ತಟ್ಟಿದಳು. ವರದಿಯಲ್ಲಿ ಈಗ ಪ್ರತಿ ಪದಕ್ಕೂ ಕೆಳಗೆ ಅರ್ಥ ಬರೆಯುತ್ತಾಳೆ. ವರದಿಗಿಂತ ಅರ್ಥವೇ ಉದ್ದ.

ಹಾಗೇ ಕೆಲವು ತಿಂಗಳು ಕಳೆದ ಮೇಲೆ ಅವಳು ರಜೆ ಹಾಕಿ, ಆ ದೂರದ ಜೈಲಿಗೆ ಸ್ಲಾಟ್ ತೆಗೆದಳು. ತನ್ನದೇ ಹೆಸರಿನಲ್ಲಿ, ನೆಟ್ಟಗೆ ಸಾಲಿನಲ್ಲಿ. ಹೇಳದೆ ಹೊರಟಿದ್ದಳು, ಆದರೆ ಅಮ್ಮನಿಗೆ ಹೇಗೋ ತಿಳಿದಿತ್ತು. ಹೊರಡುವಾಗ ಬಾಗಿಲ ಹತ್ತಿರ ಅಮ್ಮ ತಮ್ಮನ ಹಳೆಯ ಉಣ್ಣೆಯ ಅಂಗಿಯನ್ನು ಮಡಿಸಿ ಇಟ್ಟಿದ್ದಳು. ತಂಗಿ ಅಂಗಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಮೂರನೇ ದಿನ ಮಧ್ಯಾಹ್ನ ವಾಪಸ್ ಬಂದಳು. ಮುಖದ ಮೇಲೆ ರೈಲಿನ ಧೂಳು ಹಾಗೇ ಇತ್ತು. ಬ್ಯಾಗನ್ನು ಕೆಳಗಿಟ್ಟಾಗ ಅದರ ಬಾಯಲ್ಲಿ ಆ ಅಂಗಿಯ ತೋಳು ಕಾಣುತ್ತಿತ್ತು. ಅಮ್ಮ ಅದನ್ನು ನೋಡಿದಳು.

"ಕೇಳು ಅವಳನ್ನ," ಅಂದಳು ನನಗೆ. "ಹೇಗಿದಾನೆ ಅಂತ."

ಒಂದು ಸುಳ್ಳು ಹೇಳೇ ಮಹರಾಯ್ತಿ ಅಂತ ನಾನು ಕಣ್ಣಲ್ಲೇ ಅಂದೆ. ಚೆನ್ನಾಗಿದಾನೆ, ದಪ್ಪ ಆಗಿದಾನೆ, ಅಲ್ಲಿ ಅಂಗಿ ಒಳಗೆ ಬಿಡಲ್ಲವಂತೆ ಅಂತ ಏನಾದರೂ ಒಂದು. ಯಾರ ಗಂಟು ಹೋಗುತ್ತಿತ್ತು?

"ಬರಲಿಲ್ಲ," ಅಂದಳು ತಂಗಿ. "ಜಾಲರಿ ಮುಂದೆ ಕೂತಿದ್ದೆ. ಕರೆಯೋಕೆ ಹೋದ ಪೇದೆ ವಾಪಸ್ ಬಂದ. ಯಾರು ಬಂದಿರೋದು ಅಂತ ಕೇಳಿದನಂತೆ. ನನ್ನ ಹೆಸರು ಹೇಳಿದ ಮೇಲೆ, ನಾನು ಬರಲ್ಲ ಅಂದನಂತೆ."

"ಬಾಯಿ ಮುಚ್ಚೇ," ಅಂದೆ ನಾನು. ತಡವಾಗಿತ್ತು.

ಅಮ್ಮ ಗೋಡೆ ಹಿಡಿದು ಎದ್ದಳು. ನೋವಿನ ಮಂಡಿ ಎಳೆಯುತ್ತಾ ಬಂದು, ಬ್ಯಾಗಿನಿಂದ ಅಂಗಿಯನ್ನು ಎಳೆದು ತೆಗೆದುಕೊಂಡಳು. ಅದನ್ನು ಎದೆಗೆ ಅವುಚಿಕೊಂಡು ಅವಳ ಮುಖವನ್ನೇ ನೋಡಿದಳು. ಆ ಸೋಮವಾರದಿಂದ ಈಚೆಗೆ ಅವಳನ್ನು ನೇರ ನೋಡಿದ್ದೇ ಅದು ಮೊದಲು.

"ಅವನ ಜಾಗದಲ್ಲಿ ನಾನಿದ್ರೂ ಬರ್ತಿರ್ಲಿಲ್ಲ ಕಣೇ," ಅಂದಳು.

ತಂಗಿ ಕೈಕಾಲು ತೊಳೆದುಕೊಂಡು ಬಂದು, ತಾನೇ ಬಡಿಸಿಕೊಂಡು ಊಟಕ್ಕೆ ಕೂತಳು.